ತೆಳು ಎಣ್ಣೆ

ಕಾರು ಕೊಳ್ಳಲು ಬಂದವನು ಬಾನೆಟ್ ಎತ್ತಿಸಿ, ಎಂಜಿನ್ ಶುರು ಮಾಡಿಸಿ, ಕಿವಿಯೊಂದನ್ನು ಮುಂದಕ್ಕೆ ಚಾಚಿ ನಿಂತ. ಒಳಗಿನಿಂದ ಟಕ ಟಕ ಟಕ ಟಕ ಎಂದು ಸದ್ದು ಬರುತ್ತಿತ್ತು, ಹಸಿದ ಮಗುವೊಂದು ಚಮಚದಿಂದ ತಟ್ಟೆ ಬಡಿಯುತ್ತಿರುವ ಹಾಗೆ. ಆತ ಅದನ್ನು ಸ್ವಲ್ಪ ಹೊತ್ತು ಕೇಳಿ, ತೀರಿಹೋದವರ ಸುದ್ದಿ ಹೇಳುವ ಮುಖ ಮಾಡಿಕೊಂಡು ಮನೆಯ ಅಳಿಯನ ಕಡೆ ತಿರುಗಿದ.

“ಟ್ಯಾಪೆಟ್ ಎಲ್ಲಾ ಹೋಗಿವೆ ಸಾರ್. ಎಂಜಿನ್ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಗುಜರಿ ರೇಟಿಗಾದ್ರೆ ತಗೋತೀನಿ.”

“ಕೇಳಿದ್ರಾ ಅತ್ತೆ,” ಎಂದ ಅಳಿಯ. “ನಾನು ಹೇಳಿದ್ರೆ ನಂಬಲಿಲ್ಲ. ಈಗ ವ್ಯಾಪಾರದವರೇ ಹೇಳ್ತಿದ್ದಾರೆ.”

ಅತ್ತೆ ನರ್ಸಮ್ಮ ಕಾರಿನ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದಳು. ಸದ್ದು ನಿಂತಿತು. ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, “ಇಷ್ಟು ದೂರ ಬಂದಿದ್ದೀರಿ, ಚಹಾ ಕುಡಿದು ಹೋಗಿ. ಕಾರು ಮಾರೋದಿಲ್ಲ” ಎಂದಳು.

“ಮಾರೋದಿಲ್ಲ ಅಂದ್ರೆ ಹೇಗಮ್ಮ? ನಿಮ್ಮ ಅಳಿಯಂದಿರೇ ಫೋನ್ ಮಾಡಿ ಕರೆಸಿದ್ರು.”

“ಹಾಗಿದ್ರೆ ಅವರ ಕಾರು ತಗೊಂಡು ಹೋಗಿ.”

ಬಾಗಿಲಲ್ಲಿ ನಿಂತಿದ್ದ ಮಗಳು ಬಂದ ನಗುವನ್ನು ನುಂಗಿಕೊಂಡು ಒಳಗೆ ಹೋದಳು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ನರ್ಸಮ್ಮನ ಗಂಡ ಮಾತ್ರ ಯಾರ ಕಡೆಗೂ ತಿರುಗಲಿಲ್ಲ. ಅವನು ಮುಖವನ್ನು ರಸ್ತೆಯ ಕಡೆ ಇಟ್ಟುಕೊಂಡಿದ್ದ. ಆದರೆ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ.

ಗಂಡ ಬದುಕಿನ ಮುಕ್ಕಾಲು ಪಾಲು ಬಸ್ಸು ಓಡಿಸಿದವನು. ಗೇರು ಬದಲಿಸಿದ್ದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ ಎಂಬ ಕಾರಣಕ್ಕೆ ಡಿಪೋದಲ್ಲಿ ಅವನಿಗೆ ಗೇರಣ್ಣ ಎಂದು ಹೆಸರು ಬಿದ್ದಿತ್ತು. ನಿವೃತ್ತಿಯ ಹೊತ್ತಿಗೆ ಕಣ್ಣಿನ ನರ ಒಣಗತೊಡಗಿತು. ಮೊದಲು ಅಂಚುಗಳು ಹೋದವು. ಆಮೇಲೆ ಕೊಳವೆಯೊಳಗಿಂದ ನೋಡಿದ ಹಾಗಾಯಿತು. ಈಗ ಬೆಳಕು ಯಾವ ದಿಕ್ಕಿನಲ್ಲಿದೆ ಎಂಬುದಷ್ಟು ತಿಳಿಯುತ್ತದೆ. ಆಸೆಪಟ್ಟು ಕೊಂಡು ವರ್ಷಗಟ್ಟಲೆ ಓಡಿಸಿದ್ದ ಕಾರು ಹೊದಿಕೆಯಡಿ ಬಹಳ ಕಾಲ ನಿಂತೇ ಇತ್ತು.

ಊರೆಲ್ಲ ನರ್ಸಮ್ಮ ಎಂದೇ ಕರೆಯುವ ಹೆಂಡತಿ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೂ ಸುಮ್ಮನೆ ಕೂರಲಿಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬೆನ್ನಿನ ಹುಣ್ಣು ತೊಳೆದು ಕಟ್ಟುವುದು, ಮೂಗಿನ ನಳಿಕೆ ಬದಲಿಸುವುದು, ಹೊಲಿಗೆ ಬಿಚ್ಚುವುದು ಮಾಡುತ್ತಿದ್ದಳು. ಆ ಮನೆಗಳು ಬಸ್ಸು ಹೋಗದ ಓಣಿಗಳಲ್ಲಿ, ಊರಾಚೆಯ ಬಡಾವಣೆಗಳಲ್ಲಿ ಇದ್ದವು. ಮೊಣಕಾಲು ನೋಯುತ್ತಿತ್ತು, ಚೀಲ ಭಾರವಾಗುತ್ತಿತ್ತು. ಒಂದು ಬೆಳಿಗ್ಗೆ ಹೋಗಿ ಕಾರಿನ ಹೊದಿಕೆ ಎಳೆದು ಒಗೆಯಲು ಹಾಕಿದಳು. ಡ್ರೈವಿಂಗ್ ಶಾಲೆಗೆ ಸೇರಿದಳು. ಅಲ್ಲಿನ ಮಾಸ್ತರ ಮೊದಲ ದಿನ, “ಅಜ್ಜಿ, ಈ ವಯಸ್ಸಲ್ಲಿ ಯಾಕೆ?” ಎಂದು ಕೇಳಿದ್ದಕ್ಕೆ, “ಹೋದ ವಯಸ್ಸಲ್ಲಿ ಪುರುಸೊತ್ತಿರಲಿಲ್ಲ” ಎಂದಿದ್ದಳು. ಪರೀಕ್ಷೆಯಲ್ಲಿ ಒಮ್ಮೆ ಫೇಲಾದಳು, ಮತ್ತೆ ಹೋದಳು, ಪಾಸಾದಳು.

ಅವಳು ಓಡಿಸಲು ಶುರು ಮಾಡಿದ ವರ್ಷವೇ ಟ್ಯಾಪೆಟ್ ಸದ್ದು ಶುರುವಾಯಿತು. ಅಲ್ಲಿಗೆ ಎಲ್ಲರಿಗೂ ಕಾರಣ ಸಿಕ್ಕಿತು. ಅಳಿಯ ಹೇಳಿದ, ಪಕ್ಕದ ಮನೆಯವರು ಹೇಳಿದರು, ಗಂಡನೂ ಹೇಳಿದ. “ನನ್ನ ಕೈಯಲ್ಲಿದ್ದಾಗ ಬೆಕ್ಕಿನ ಹಾಗೆ ಇತ್ತು. ನಿನ್ನ ಕಾಲು ಬಿದ್ದ ಮೇಲೆ ಬಾಯಿ ಬಂತು ನೋಡು ಅದಕ್ಕೆ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಂಜಿನ್ ಕೆಮ್ಮಿದರೆ ಅವಳಿಗೆ ಬೈಗುಳ. ನರ್ಸಮ್ಮ ಅದನ್ನೆಲ್ಲ ಕೇಳಿಸಿಕೊಂಡೇ ಕಾರು ಓಡಿಸುತ್ತಿದ್ದಳು. ಆದರೆ ಗುಜರಿಯವನು ಬಂದುಹೋದ ಆ ಭಾನುವಾರ ಅವಳಿಗೆ ಹಟ ಹುಟ್ಟಿತು. ಈ ಸದ್ದು ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ಬಿಡುವುದಿಲ್ಲ ಎಂದುಕೊಂಡಳು.

ಮೊದಲು ಗಂಡನ ಮಾತೇ ಕೇಳಿದಳು. ಇಷ್ಟು ವರ್ಷ ಎಂಜಿನ್ ಮೇಲೆ ಕೂತವನಲ್ಲವೇ.

“ಎಣ್ಣೆ ಗಟ್ಟಿ ಇರ್ಬೇಕು ಕಣೆ,” ಎಂದ ಗೇರಣ್ಣ. “ಹಳೇ ಎಂಜಿನ್ನು, ಸಂದು ಜಾಸ್ತಿ ಆಗಿರುತ್ತೆ. ಗಟ್ಟಿ ಎಣ್ಣೆ ಹೋಗಿ ಆ ಸಂದಲ್ಲಿ ದಿಂಬಿನ ಹಾಗೆ ಕೂರುತ್ತೆ. ಟ್ವೆಂಟಿ ಫಿಫ್ಟಿ ನಂಬರಿಂದು ತಗೊಂಡು ಬಾ. ಅದಕ್ಕಿಂತ ಗಟ್ಟಿ ಸಿಕ್ಕಿದ್ರೆ ಇನ್ನೂ ಒಳ್ಳೇದು.”

ಎಣ್ಣೆ ಅಂಗಡಿಯ ಗೋಡೆಯ ತುಂಬ ಡಬ್ಬಗಳು. ಅಂಗಡಿಯವನು ಅವಳ ಮಾತು ಮುಗಿಯುವ ಮುಂಚೆಯೇ ಬೆರಳುದ್ದದ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟ. “ಇದನ್ನ ಸುರಿದುಬಿಡಿ ಅಮ್ಮ, ಎಂಜಿನ್ ಮೂಕ ಆಗುತ್ತೆ.”

“ಮೂಕ ಆಗೋದು ಬೇಡಪ್ಪ, ವಾಸಿ ಆಗ್ಬೇಕು,” ಎಂದು ಅವಳು ಗಂಡ ಹೇಳಿದ ಡಬ್ಬ ಮಾತ್ರ ತಂದಳು. ಎಣ್ಣೆಯ ಮಟ್ಟ ಇಳಿದಿತ್ತು. ಅಷ್ಟನ್ನು ತುಂಬಿಸಿದಳು.

ಮಧ್ಯಾಹ್ನ ಎಂಜಿನ್ ಚೆನ್ನಾಗಿ ಕಾದಾಗ ಸದ್ದು ಸ್ವಲ್ಪ ತಗ್ಗಿದ್ದು ನಿಜ. ಗೇರಣ್ಣ ಮೀಸೆ ತಿರುವಿದ. ಮರುದಿನ ಬೆಳಿಗ್ಗೆ ಚಳಿಯಲ್ಲಿ ಕೀ ತಿರುಗಿಸಿದರೆ ಹಿಂದೆಂದೂ ಇಲ್ಲದ ಗಲಾಟೆ. ಬೀದಿಯ ಕೊನೆ ಮುಟ್ಟಿದರೂ ನಿಲ್ಲಲಿಲ್ಲ. ಎದುರು ಮನೆಯವರ ಕಿಟಕಿ ತೆರೆದು ಮುಚ್ಚಿತು. ದಿನವೂ ಹೀಗೇ ಆಯಿತು. ಎಂಜಿನ್ ತಣ್ಣಗಿದ್ದಷ್ಟೂ ಬಡಿತ ಹೆಚ್ಚು, ಕಾದ ಮೇಲೆ ಕಡಿಮೆ. ಜ್ವರದ ಚಾರ್ಟ್ ನೋಡಿ ನೋಡಿ ತಲೆ ನರೆತವಳಿಗೆ ಇಷ್ಟು ಸಾಕಾಗಿತ್ತು. ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದರಲ್ಲೇ ಕಾಯಿಲೆಯ ಗುಟ್ಟು ಇರುತ್ತದೆ ಎಂದು ಅವಳ ನಂಬಿಕೆ. ಕಾರನ್ನು ಗ್ಯಾರೇಜಿಗೆ ಒಯ್ದಳು.

ಗ್ಯಾರೇಜಿನ ಮೇಸ್ತ್ರಿ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಬಂದು, ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಎಂಜಿನ್ನಿಗೆ ಆನಿಸಿ ಕೇಳಿದ. ಆಮೇಲೆ ಎಲ್ಲ ಬಿಚ್ಚಬೇಕು, ಟ್ಯಾಪೆಟ್ಟುಗಳನ್ನು ಪೂರಾ ಬದಲಿಸಬೇಕು ಎಂದ.

“ಬಿಚ್ಚೋದು ಕೊನೇ ಮಾತು,” ಎಂದಳು ನರ್ಸಮ್ಮ. “ಮೊದಲು ಅದು ಯಾಕೆ ಬಡಿಯುತ್ತೆ ಹೇಳು.”

ಮೇಸ್ತ್ರಿಗೆ ಯಾರೂ ಹಾಗೆ ಕೇಳಿರಲಿಲ್ಲವೋ ಏನೋ, ಖುಷಿಯಿಂದಲೇ ಹೇಳಿದ. “ಟ್ಯಾಪೆಟ್ ಅಂದ್ರೆ ಎಂಜಿನ್ ಒಳಗೆ ವಾಲ್ವ್ ತಳ್ಳೋ ಗುಂಡಿ. ಬಸ್ಸಿಂದು ಬೇರೆ ಅಮ್ಮ, ಇದು ಬೇರೆ. ಅದಕ್ಕೆ ಸ್ಕ್ರೂ ಇರುತ್ತೆ, ಸಂದು ನೋಡಿ ಬಿಗಿ ಮಾಡಬಹುದು. ಇದಕ್ಕೆ ಸ್ಕ್ರೂ ಇಲ್ಲ. ಒಳಗೊಂದು ಸಣ್ಣ ತೂತಿದೆ. ಅದರಿಂದ ಎಣ್ಣೆ ಒಳಗೆ ಹೋಗಿ ತುಂಬ್ಕೊಂಡ್ರೆ ತಾನೇ ಎದ್ದು ಸಂದು ಮುಚ್ಚುತ್ತೆ. ತುಂಬ್ಕೊಳ್ಳಲಿಲ್ಲ ಅಂದ್ರೆ ಬಡೀತಾ ಇರುತ್ತೆ.”

“ಅಂದ್ರೆ ಗಟ್ಟಿ ಎಣ್ಣೆ ಆ ತೂತಲ್ಲಿ ಬೇಗ ಹೋಗೋದಿಲ್ಲ. ಚಳಿಯಲ್ಲಂತೂ ಹೋಗೋದೇ ಇಲ್ಲ.”

“ಹೌದು. ಕೊಳೆ ಕಟ್ಟಿದ್ರೂ ಹೋಗೋದಿಲ್ಲ.”

“ಹಾಗಾದ್ರೆ ತೆಳು ಎಣ್ಣೆ ಹಾಕು.”

“ತೀರಾ ತೆಳುವೂ ಆಗದು. ಹೊಸ ಕಾರಿಗೆ ಹಾಕೋದನ್ನ ಇದಕ್ಕೆ ಹಾಕಿದ್ರೆ ಕಾದ ಮೇಲೆ ನೀರಾಗಿ ಸೋರಿಹೋಗುತ್ತೆ. ಆಗ ಬಿಸಿಯಲ್ಲೂ ಬಡಿಯುತ್ತೆ.” ಅವನು ಕಪಾಟಿನಿಂದ ಎರಡು ಡಬ್ಬ ಇಳಿಸಿ ಸಂಖ್ಯೆಗಳನ್ನು ತೋರಿಸಿದ. ಮೊದಲ ಅಂಕಿ ತಣ್ಣಗಿದ್ದಾಗ ಎಣ್ಣೆ ಎಷ್ಟು ಗಟ್ಟಿ ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದಕ್ಕೆ.

ನರ್ಸಮ್ಮ ಕನ್ನಡಕ ಏರಿಸಿ ನೋಡಿದಳು. “ಈ ಟೆನ್ ಫಾರ್ಟಿ ಹಾಕು. ಬೆಳಿಗ್ಗೆ ಬೇಗ ಹರಿಯುತ್ತೆ, ಮಧ್ಯಾಹ್ನವೂ ನಿಲ್ಲುತ್ತೆ. ಹಾಕೋ ಮುಂಚೆ ಒಳಗೆಲ್ಲ ತೊಳಿ. ಫಿಲ್ಟರ್ ಹೊಸದು ಹಾಕು.”

“ಹಾಕ್ತೀನಿ. ಆದ್ರೆ ಗ್ಯಾರಂಟಿ ಕೊಡೋದಿಲ್ಲ.”

“ನಾನು ಕೇಳಿಲ್ಲ. ನಮ್ಮ ಆಸ್ಪತ್ರೇಲೂ ಕೊಡ್ತಿರಲಿಲ್ಲ.”

ಎಂಜಿನ್ ತೊಳೆಯುವ ದ್ರವ ಹಾಕಿ, ಕೊಂಚ ಹೊತ್ತು ಓಡಿಸಿ, ಅಡಿಯ ಬೋಲ್ಟು ಬಿಚ್ಚಿದಾಗ ಹೊರಗೆ ಬಿದ್ದದ್ದನ್ನು ಎಣ್ಣೆ ಎನ್ನಲು ಬಾಯಿ ಬರುವಂತಿರಲಿಲ್ಲ. ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕಪ್ಪಗೆ, ಮುದ್ದೆ ಮುದ್ದೆಯಾಗಿ ಇಳಿಯಿತು. ಮೇಸ್ತ್ರಿ ಟ್ರೇಯಲ್ಲಿ ಕಡ್ಡಿ ಆಡಿಸಿ, “ಇದು ನಿನ್ನೆ ಮೊನ್ನೆಯ ಕೊಳೆ ಅಲ್ಲಮ್ಮ. ಎಣ್ಣೆ ಬದಲಾಯಿಸದೆ ಮೇಲೆ ಮೇಲೆ ಸುರೀತಾ ಬಂದಿದ್ದಾರೆ. ನೀವು ಕಾರು ಮುಟ್ಟೋದಕ್ಕೆ ಎಷ್ಟೋ ವರ್ಷ ಮುಂಚಿಂದು” ಎಂದ.

ನರ್ಸಮ್ಮ ಚೀಲದಿಂದ ಖಾಲಿ ಔಷಧಿ ಸೀಸೆಯೊಂದನ್ನು ತೆಗೆದು, “ಇದರಲ್ಲಿ ಸ್ವಲ್ಪ ತುಂಬಿಸು” ಎಂದಳು.

ಮನೆಗೆ ಬಂದು, ಗಂಡನ ಪಕ್ಕ ಮೋಟು ಕುರ್ಚಿ ಎಳೆದುಕೊಂಡು ಕೂತು, ಅವನ ಬಲಗೈ ಹಿಡಿದು ಎರಡು ಬೆರಳನ್ನು ಸೀಸೆಯ ಬಾಯಿಗೆ ಅದ್ದಿಸಿದಳು. ಅವನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಮೂಗಿನ ಹತ್ತಿರ ತಂದ. ಮತ್ತೆ ಉಜ್ಜಿದ. ಮರಳಿನ ಹಾಗೆ ಚರಚರ ಅನ್ನುತ್ತಿತ್ತು.

“ಎಲ್ಲಿಂದು ಇದು?”

“ನಮ್ಮ ಕಾರಿನ ಹೊಟ್ಟೆಯಿಂದ ಬಂದದ್ದು. ನನ್ನ ಕಾಲಿಂದ ಬಂದದ್ದಲ್ಲ, ನಿಮ್ಮ ಕೈ ಸುರಿದ ಎಣ್ಣೆ.”

ಗೇರಣ್ಣ ಬೆರಳುಗಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತ. ಅವಳು ಒದ್ದೆ ಬಟ್ಟೆ ತಂದು ಒರೆಸಿದಳು. ಒರೆಸುವಾಗ ಅವನು ಕೇಳಿದ, “ಈಗ ಏನು ಹಾಕಿಸ್ದೆ?”

“ಟೆನ್ ಫಾರ್ಟಿ.”

ಆಗ ಅವನಿಗೆ ಸಿಟ್ಟು ಬಂತು. ಸಿಟ್ಟಿಗೊಂದು ದಾರಿ ಬೇಕಾಗಿತ್ತು, ಸಿಕ್ಕಿತು. “ಅದು ಎಣ್ಣೆಯಾ? ಅದಕ್ಕಿಂತ ನಲ್ಲಿ ನೀರು ಬಿಡಿಸ್ಕೊಂಡು ಬರಬೇಕಿತ್ತು. ಕುಣಿಯೋಕೆ ಬರದವಳು ಅಂಗಳ ಡೊಂಕು ಅಂದ್ಳಂತೆ, ಓಡಿಸೋಕೆ ಬರದವಳು ಎಣ್ಣೆ ಡೊಂಕು ಅಂದ್ಳು. ಬಸ್ಸು ಓಡಿಸಿದೋನು ನಾನು. ನನ್ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ವಾ ನಿನಗೆ?”

“ಮೊದಲ ಸಲ ಕೇಳಿದ್ನಲ್ಲ. ಎರಡನೇ ಸಲ ಎಂಜಿನ್ನನ್ನ ಕೇಳ್ದೆ.”

ಆ ದಿನದಿಂದ ಗಂಡ ಹೆಂಡತಿ ಎಣ್ಣೆ ಸೀಗೆಕಾಯಿ ಆದರು. ಅವನು ಕಾರು ಹತ್ತುವುದಿಲ್ಲ ಎಂದು ಸಾರಿದ. ಕಣ್ಣಿನ ಡಾಕ್ಟರ ಹತ್ತಿರ ಆಟೋದಲ್ಲಿ ಹೋದ. ಅವಳು ಬೇಡ ಎನ್ನಲಿಲ್ಲ.

ತೊಂದರೆಯೆಂದರೆ ಹೊಸ ಎಣ್ಣೆ ಹಾಕಿದ ಮೇಲೂ ಸದ್ದು ಹೋಗಲಿಲ್ಲ. ಕಡಿಮೆಯಾಗಿತ್ತು, ಆದರೆ ಇತ್ತು. ಬೆಳಿಗ್ಗೆ ಅವಳು ಗೇಟು ದಾಟುವಾಗ ಜಗಲಿಯಿಂದ ಗೇರಣ್ಣ ಬೇಕೆಂದೇ ಗಟ್ಟಿಯಾಗಿ ಕೆಮ್ಮುತ್ತಿದ್ದ. ಅಳಿಯ ಫೋನ್ ಮಾಡಿ ಇನ್ನೊಬ್ಬ ಗುಜರಿಯವನು ಸಿಕ್ಕಿದ್ದಾನೆ ಎಂದ. ಮೇಸ್ತ್ರಿಯನ್ನು ಕೇಳಿದರೆ, “ಊರೊಳಗೆ ಕುಂಟುತ್ತಾ ಓಡಿಸಿದ್ರೆ ಟ್ಯಾಪೆಟ್ ಒಳಗೆ ಎಣ್ಣೆ ಜಾಗದಲ್ಲಿ ಸಿಕ್ಕಿಕೊಂಡ ಗಾಳಿ ಹೋಗೋದಿಲ್ಲಮ್ಮ. ದೂರ ಓಡಿಸಿ. ಚೆನ್ನಾಗಿ ಕಾಯಲಿ, ಸ್ವಲ್ಪ ಎಳೀರಿ” ಎಂದ.

ಊರಾಚೆ, ಗುಡ್ಡದ ಆ ಬದಿಯಲ್ಲಿ ಕಲ್ಲುಗಣಿಯ ಹತ್ತಿರ, ಸೊಂಟ ಮುರಿದುಕೊಂಡು ಮಲಗಿದ್ದ ಹೆಂಗಸೊಬ್ಬಳ ಮನೆಯಿಂದ ಆಗಾಗ ಕರೆ ಬರುತ್ತಿತ್ತು. ದೂರವೆಂದು, ಹೆದ್ದಾರಿಯೆಂದು ನರ್ಸಮ್ಮ ಮುಂದಕ್ಕೆ ಹಾಕುತ್ತ ಬಂದಿದ್ದಳು. ಈಗ ಹೊರಟಳು. ಲಾರಿಗಳು ಭರ್ರೆಂದು ದಾಟಿಹೋಗುವಾಗ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ತನ್ನ ದಾರಿ ಹಿಡಿದು ಹೋದಳು. ಗುಡ್ಡದ ಏರಿನಲ್ಲಿ ಒಂದು ಗೇರು ಇಳಿಸಿ ಕಾಲನ್ನು ಒತ್ತಿದಳು. ಎಂಜಿನ್ ಹೂಂಕರಿಸಿ ಏರಿತು. ಏರು ಮುಗಿದು ಬಯಲಿಗೆ ಬಂದು ಕಾಲು ಸಡಿಲಿಸಿದಾಗ ಏನೋ ಇಲ್ಲದ ಹಾಗೆ ಅನ್ನಿಸಿತು. ಎಂಜಿನ್ ಆರಿಹೋಯಿತು ಎಂದುಕೊಂಡಳು. ಅಂಚಿಗೆ ತಂದು ನಿಲ್ಲಿಸಿ ನೋಡಿದರೆ ಆರಿರಲಿಲ್ಲ. ಓಡುತ್ತಿತ್ತು. ಬಡಿತ ನಿಂತಿತ್ತು.

ಅವಳು ಇಳಿದು ಬಾನೆಟ್ ಎತ್ತಿದಳು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹಿಂದೆ ಬಂದ ಲಾರಿಯವನು ನಿಲ್ಲಿಸಿ, “ಏನಾಯ್ತಮ್ಮ, ಕೆಟ್ಟುಹೋಯ್ತಾ?” ಎಂದ.

“ಇಲ್ಲಪ್ಪ, ಸರಿಹೋಯ್ತು. ಅದನ್ನೇ ನೋಡ್ತಿದ್ದೀನಿ.”

ಲಾರಿಯವನು ತಲೆ ಕೆರೆದುಕೊಂಡು ಮುಂದೆ ಹೋದ. ಅವಳು ಕಲ್ಲುಗಣಿಯ ಹೆಂಗಸಿನ ಬೆನ್ನಿಗೆ ಔಷಧಿ ಹಚ್ಚಿ, ಹೊರಳಿಸಿ ಮಲಗಿಸುವುದನ್ನು ಮನೆಯವರಿಗೆ ಕಲಿಸಿ, ಅದೇ ದಾರಿಯಲ್ಲಿ ಹಿಂದಿರುಗಿದಳು.

ಆ ವಾರವೇ ಅಳಿಯ ಮಗಳ ಜೊತೆ ಬಂದ. ನರ್ಸಮ್ಮ ಅವನನ್ನು ಕಾರಿನ ಹತ್ತಿರ ಕರೆದೊಯ್ದು ಎಂಜಿನ್ ಶುರು ಮಾಡಿದಳು. ಮೊದಲು ಎರಡು ಸಲ ಟಕ್ ಟಕ್ ಎಂದು ಆಮೇಲೆ ತೆಪ್ಪಗಾಯಿತು. ಅಳಿಯ ಸ್ವಲ್ಪ ಹೊತ್ತು ಕೇಳಿ, “ಒಳ್ಳೇದಾಯ್ತು. ಆದ್ರೆ ಸದ್ದು ಒಂದೇ ಅಲ್ಲ ಅತ್ತೆ. ನಿಮ್ಮ ವಯಸ್ಸು ನೋಡಿ. ಹೆದ್ದಾರಿಗೆಲ್ಲ ಹೋಗಿದ್ರಂತೆ. ನಾಳೆ ಏನಾದ್ರೂ ಆದ್ರೆ ಓಡಾಡೋರು ನಾವು ತಾನೇ” ಎಂದ.

ನರ್ಸಮ್ಮ ಎಂಜಿನ್ ಆರಿಸಿದಳು. “ಸದ್ದಿದ್ದಾಗ ಸದ್ದಿನ ಮಾತಾಡಿದ್ರಿ. ಸದ್ದು ಹೋಯ್ತು, ಈಗ ವಯಸ್ಸು ಬಂತು. ವಯಸ್ಸಿಗೆ ನಾನು ಎಣ್ಣೆ ಬದಲಾಯಿಸೋಕೆ ಆಗೋದಿಲ್ಲ ಅಳಿಯಂದ್ರೇ. ಕಣ್ಣು ಪರೀಕ್ಷೆ ಮಾಡಿಸಿದ್ದೀನಿ, ಲೈಸೆನ್ಸ್ ಇದೆ, ಕಾಯ್ತಾ ಇರೋ ಜನ ಇದ್ದಾರೆ. ಇವತ್ತಿಗೂ ಮಾರೋದಿಲ್ಲ, ನಾಳೆಗೂ ಮಾರೋದಿಲ್ಲ. ಓಡಿಸೋಕೆ ಆಗದೆ ಇರೋ ದಿನ ನಾನೇ ಫೋನ್ ಮಾಡ್ತೀನಿ. ಅಲ್ಲೀವರೆಗೂ ಗುಜರಿಯವರನ್ನ ಮನೆ ಬಾಗಿಲಿಗೆ ಕಳಿಸಬೇಡಿ.”

“ಸಾಕು ಬಿಡ್ರಿ,” ಎಂದಳು ಮಗಳು ತನ್ನ ಗಂಡನಿಗೆ. “ಅಮ್ಮ ಹೇಳಿದ್ದು ಕೇಳಿಸ್ತಲ್ಲ.”

ಗೇರಣ್ಣ ಒಳಗಿನ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ. ಆದರೂ ಅವನ ಮುನಿಸು ಇಳಿಯಲಿಲ್ಲ.

ಕೆಲವು ದಿನಗಳಲ್ಲಿ ಡಿಪೋದಿಂದ ಫೋನ್ ಬಂತು. ಅವನ ಬಸ್ಸಿನಲ್ಲೇ ವರ್ಷಗಟ್ಟಲೆ ಸೀಟಿ ಊದಿದ್ದ ಕಂಡಕ್ಟರ್ ನಿವೃತ್ತನಾಗುತ್ತಿದ್ದ. ಹಳಬರೆಲ್ಲ ಸೇರುತ್ತಾರೆ, ಗೇರಣ್ಣ ಬರಲೇಬೇಕು ಎಂದರು. ಅವನು ಹೂಂ ಎಂದು ಫೋನ್ ಇಟ್ಟು, ಹೆಂಡತಿಗೆ, “ಆ ದಿನ ನನಗೆ ತಲೆನೋವು ಅಂತ ಹೇಳಿಬಿಡು” ಎಂದ.

“ತಲೆನೋವು ಮುಂಚೇನೇ ಹೇಳಿ ಬರುತ್ತಾ?”

ಅವನು ಕುರ್ಚಿಯ ಕೈಯನ್ನು ಸವರುತ್ತ ಕೂತ. ಆಮೇಲೆ, “ಆ ಗೇಟಲ್ಲಿ ನಾನು ಸ್ಟೇರಿಂಗ್ ಹಿಡಿದೇ ಒಳಗೆ ಹೋಗ್ತಿದ್ದೋನು. ಈಗ ಹೆಂಡತಿ ಪಕ್ಕ ಮೂಟೆ ಹಾಗೆ ಕೂತು ಹೋಗಬೇಕಾ? ಹಳಬರೆಲ್ಲ ನೋಡ್ತಾರೆ” ಎಂದ.

ನರ್ಸಮ್ಮನಿಗೆ ಆಗ ತಿಳಿಯಿತು, ಇಷ್ಟು ದಿನ ಜಗಳ ಎಣ್ಣೆಯದ್ದಾಗಿರಲಿಲ್ಲ ಎಂದು. ಅವಳ ದನಿ ಏರಲಿಲ್ಲ, ಆದರೆ ಬಗ್ಗಲೂ ಇಲ್ಲ.

“ನಿಮ್ಮ ಬಸ್ಸಲ್ಲಿ ದಿನಾ ಎಷ್ಟು ಜನ ಹಿಂದೆ ಕೂತು ಬರ್ತಿದ್ರು? ಅವರಲ್ಲಿ ಯಾರದ್ದಾದ್ರೂ ಮಾನ ಹೋಯ್ತಾ? ನಾನೂ ಎಷ್ಟೋ ವರ್ಷ ನಿಮ್ಮ ಪಕ್ಕದಲ್ಲಿ ಕೂತು ಬಂದೆ, ನನ್ನದು ಹೋಯ್ತಾ? ಬೆಳಿಗ್ಗೆ ತಿಂಡಿ ಆದ ಮೇಲೆ ಹೊರಡ್ತೀನಿ. ಬರೋದಾದ್ರೆ ಬನ್ನಿ. ಬರದಿದ್ರೆ ನಾನೊಬ್ಬಳೇ ಹೋಗಿ ಅವನಿಗೆ ಶುಭ ಹೇಳಿ ಬರ್ತೀನಿ. ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ನಿಜ ಹೇಳ್ತೀನಿ, ತಲೆನೋವು ಅಂತ ಹೇಳೋದಿಲ್ಲ.”

ಸಮಾರಂಭದ ದಿನ ಬೆಳಿಗ್ಗೆ ಅವಳು ಕಾರಿನ ಗಾಜು ಒರೆಸುತ್ತಿದ್ದಾಗ ಗೇರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೋಡೆ ಸವರಿಕೊಂಡು ಬಂದು, ತಾನೇ ಬಾಗಿಲು ಹುಡುಕಿ ತೆರೆದು ಪಕ್ಕದ ಸೀಟಿನಲ್ಲಿ ಕೂತ. ಅವಳು ಬೆಲ್ಟ್ ಎಳೆದು ಹಾಕಿದಳು. ದಾರಿಯಲ್ಲಿ ಅವನು ತಲೆಯನ್ನು ಕೊಂಚ ಮುಂದೆ ಬಾಗಿಸಿ ಎಂಜಿನ್ನಿನ ಕಡೆಗೇ ಕಿವಿ ಕೊಟ್ಟಿದ್ದ. ಅವಳು ಏನೂ ಕೇಳಲಿಲ್ಲ. ದೊಡ್ಡ ವೃತ್ತ ದಾಟಿದ ಮೇಲೆ ಅವನೇ ಬಾಯಿಬಿಟ್ಟ.

“ಮೂರನೇ ಟ್ಯಾಪೆಟ್ ಇನ್ನೂ ಸ್ವಲ್ಪ ಕೊಸರಾಡ್ತಿದೆ.”

“ಕೊಸರಾಡ್ಲಿ ಬಿಡಿ. ಮನೇಲೂ ಒಬ್ಬರು ಕೊಸರಾಡ್ತಾರೆ, ನಾನು ಬದಲಾಯಿಸಿದ್ನಾ?”

ಅವನ ಮೀಸೆಯ ಕೆಳಗೆ ನಗು ಸುಳಿಯಿತು. “ಬೇಸಿಗೆ ಬರ್ಲಿ. ಆಗ ಗೊತ್ತಾಗುತ್ತೆ ನಿನ್ನ ತೆಳು ಎಣ್ಣೆಯ ಹಣೆಬರಹ,” ಎಂದ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಡಿಪೋದ ಅಂಗಳದಲ್ಲಿ ಬಸ್ಸುಗಳ ಸಾಲಿನ ನೆರಳಿಗೆ ಕುರ್ಚಿ ಹಾಕಿದ್ದರು. ಕಾರು ಒಳಗೆ ಬರುತ್ತಿದ್ದಂತೆ ಹಳಬರು ಎದ್ದು ಬಂದು ಮುತ್ತಿದರು. ಒಬ್ಬ ಅಭ್ಯಾಸಬಲದಿಂದ ಸ್ಟೇರಿಂಗ್ ಕಡೆಯ ಬಾಗಿಲಿಗೆ ಹೋಗಿ, “ಗೇರಣ್ಣ” ಎಂದು ಬಗ್ಗಿದವನು ನರ್ಸಮ್ಮನ ಮುಖ ಕಂಡು ತಡವರಿಸಿದ.

ಆಚೆ ಬಾಗಿಲಿಂದ ಗೇರಣ್ಣ ಇಳಿದ. ಕಾರಿನ ಮೇಲೆ ಒಂದು ಕೈ ಇಟ್ಟುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ. “ಈ ಕಡೆ ಇದ್ದೀನ್ರೋ ನಾನು. ಓಡಿಸಿದ್ದು ನನ್ನ ಹೆಂಡತಿ. ನನಗೆ ಕಣ್ಣು ಹೋಗಿದೆ, ಅವಳಿಗೆ ಬಂದಿದೆ. ಎಂಜಿನ್ ಕೇಳಿದ್ರಾ? ಆ ಎಣ್ಣೆನೂ ಅವಳೇ ಆರಿಸಿದ್ದು. ನಾನು ಬೇಡ ಅಂದಿದ್ದೆ.”

ಅಷ್ಟು ಸಾಕಾಯಿತು. ಬಾನೆಟ್ ತೆರೆಯಿತು, ತಲೆಗಳೆಲ್ಲ ಒಳಗೆ ಬಗ್ಗಿದವು. ಟ್ವೆಂಟಿ ಫಿಫ್ಟಿಯೇ ಸರಿ ಎಂದು ಒಬ್ಬ, ಅದಕ್ಕೂ ಗಟ್ಟಿ ಬೇಕು ಎಂದು ಇನ್ನೊಬ್ಬ. “ಟೆನ್ ಫಾರ್ಟಿ ಅಂತ ಹೇಳಿಕೊಟ್ಟಿದ್ದು ಯಾರು ಅತ್ತಿಗೆ? ಎಣ್ಣೆ ವಿಷಯ ನಮ್ಮನ್ನ ಕೇಳಬೇಕಿತ್ತು,” ಎಂದ ಹೊಟ್ಟೆ ಮುಂದೆ ಬಂದಿದ್ದ ಒಬ್ಬ ಮಾಜಿ ಡ್ರೈವರ್.

“ನಿಮಗೆ ಯಾವ ಎಣ್ಣೆ ಚೆನ್ನಾಗಿ ಗೊತ್ತು ಅಂತ ನಿಮ್ಮ ಮನೆಯವರು ನನಗೆ ಹೇಳಿದ್ದಾರೆ,” ಎಂದಳು ನರ್ಸಮ್ಮ.

ನಗು ಬಸ್ಸುಗಳ ತಗಡಿಗೆ ತಾಗಿ ವಾಪಸ್ಸು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗೇರಣ್ಣನೇ. ನಿವೃತ್ತನಾಗುತ್ತಿದ್ದ ಕಂಡಕ್ಟರ್ ಅವನನ್ನು ಕೈ ಹಿಡಿದು ಕರೆದೊಯ್ದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡ. ನರ್ಸಮ್ಮ ಬಾನೆಟ್ಟನ್ನು ಅವರಿಗೇ ಬಿಟ್ಟು, ಕಾಲುನೋವು ಎನ್ನುತ್ತಿದ್ದ ಕಂಡಕ್ಟರನ ಹೆಂಡತಿಯ ಪಾದ ನೋಡಲು ಕೂತಳು.

ಹೊರಡುವ ಹೊತ್ತಿಗೆ ಡಿಪೋದ ಗೇಟಿನಲ್ಲಿ ಬಸ್ಸೊಂದು ಒಳಗೆ ಬರುತ್ತ ಎದುರಾಯಿತು. ಒಂದೇ ಗಾಡಿ ಹೋಗುವಷ್ಟು ದಾರಿ. ಬಸ್ಸಿನವನು ಕಿಟಕಿಯಿಂದ ಕೈ ಬೀಸಿ, ಹಿಂದೆ ತಗೊಳ್ಳಿ ಎಂದು ಸನ್ನೆ ಮಾಡಿದ. ಬೆನ್ನ ಹಿಂದೆ ಅಂಗಳದಲ್ಲಿ ನಿಂತಿದ್ದ ಹಳಬರಲ್ಲಿ ಒಬ್ಬ ಓಡಿಬಂದು, “ಅತ್ತಿಗೆ, ಇಳೀರಿ, ನಾನು ರಿವರ್ಸ್ ತೆಗೆದು ಕೊಡ್ತೀನಿ” ಎಂದ.

“ರಿವರ್ಸ್ ನನಗೂ ಬರುತ್ತೆ. ಆದ್ರೆ ಯಾಕೆ ಹೋಗಬೇಕು?” ಎಂದಳು ಅವಳು. “ಹೊರಗೆ ಹೋಗೋರಿಗೆ ಮೊದಲು ದಾರಿ ಅಂತ ಬೋರ್ಡು ಹಾಕಿದ್ದಾರಲ್ಲ.”

“ಹಾಕಿದ್ದಾರೆ,” ಎಂದ ಪಕ್ಕದಲ್ಲಿದ್ದ ಗೇರಣ್ಣ. “ನಾನು ಸೇರಿದಾಗಿಂದ ಇದೆ.”

ಅವಳು ಹಾರನ್ ಒತ್ತಿದಳು. ಬಸ್ಸಿನವನು ಸ್ವಲ್ಪ ಹೊತ್ತು ಕಾದ. ಆಮೇಲೆ ಬಸ್ಸು ಉಸಿರು ಬಿಟ್ಟು, ನಿಧಾನವಾಗಿ ಹಿಂದಕ್ಕೆ ಸರಿಯಿತು. ನರ್ಸಮ್ಮ ಮೊದಲನೇ ಗೇರಿಗೆ ಹಾಕಿ ರಸ್ತೆಗೆ ಬಂದಳು.